ಕೂಗಲು ಬಾರದ ಹುಳ ಜೊತೆ ಹುಡುಕುವುದು ಹೇಗೆ? ಸ್ಟೋನ್‌ಫ್ಲೈಗಳ ಬಡಿತದ ಮಾತುಕತೆ

ಹೊಳೆದಂಡೆ (ಕೊಲರಾಡೊ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಜೀರುಂಡೆಗಳ ಕೂಗಿನ ಬಗ್ಗೆ ಮಾತು ನಡೆದಾಗ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದ್ದರು. ಕೂಗಲು ಬಾರದ ಹುಳಗಳು ಜೊತೆಯನ್ನು ಹೇಗೆ ಹುಡುಕುತ್ತವೆ ಅಂತ. ಅದಕ್ಕೆ ನನಗೆ ತುಂಬಾ ಇಷ್ಟವಾದ ಉತ್ತರ ಸ್ಟೋನ್‌ಫ್ಲೈ. ನಾನಿರುವ ರಾಕಿ ಬೆಟ್ಟಗಳ ಹೊಳೆಗಳಲ್ಲಿ ಇವು ಹೇರಳವಾಗಿವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಈ ಹುಳ ಬದುಕಿನ ಬಹುಪಾಲನ್ನು ನೀರೊಳಗೇ ಕಳೆಯುತ್ತದೆ. ತಣ್ಣಗಿನ, ಚೆನ್ನಾಗಿ ಹರಿಯುವ, ಆಮ್ಲಜನಕ ಜಾಸ್ತಿ ಇರುವ ನೀರೇ ಆಗಬೇಕು. ಮರಿಗಳು ಕಲ್ಲುಗಳ ಅಡಿಯಲ್ಲಿ ಬೆಳೆಯುತ್ತವೆ. ಸಣ್ಣ ಜಾತಿಗಳಿಗೆ ಒಂದು ವರ್ಷ ಸಾಕು. ಅಮೆರಿಕದ ಪಶ್ಚಿಮ ಭಾಗದ ನದಿಗಳಲ್ಲಿರುವ ಟೆರೊನಾರ್ಸಿಸ್ ಕ್ಯಾಲಿಫೋರ್ನಿಕಾ ಎಂಬ ದೊಡ್ಡ ಜಾತಿಗೆ 3ರಿಂದ 4 ವರ್ಷ ಬೇಕು. ಇಲ್ಲಿ ಮೀನು ಹಿಡಿಯುವವರು ಅದನ್ನು ಸಾಲ್ಮನ್‌ಫ್ಲೈ ಅನ್ನುತ್ತಾರೆ. ಬೆಳೆದ ಮರಿ ದಂಡೆಗೆ ಹತ್ತಿ, ಕಲ್ಲಿನ ಮೇಲೋ ಗಿಡದ ಕಾಂಡದ ಮೇಲೋ ಪೊರೆ ಬಿಟ್ಟು, ರೆಕ್ಕೆ ಇರುವ ಹುಳವಾಗುತ್ತದೆ. ಅಲ್ಲಿಂದ ಮುಂದೆ ಅದರ ಆಯಸ್ಸು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ.

ಆ ಕೆಲವೇ ದಿನಗಳಲ್ಲಿ ಜೊತೆ ಸಿಗಬೇಕು. ಹಾರುವುದರಲ್ಲಿ ಇವು ಚುರುಕಲ್ಲ. ಗಿಡಗಂಟಿಗಳ ನಡುವೆ ಹೆಣ್ಣು ಎಲ್ಲಿ ಕೂತಿದೆ ಅಂತ ಗಂಡಿಗೆ ಕಾಣುವುದೂ ಇಲ್ಲ. ಆಗ ಗಂಡು ತನ್ನ ಹೊಟ್ಟೆಯ ತುದಿಯನ್ನು ಕೂತ ಕಡ್ಡಿಗೆ ಬಡಿಯುತ್ತದೆ. ಟಕ್ ಟಕ್ ಟಕ್ ಅಂತ ಕೆಲವು ಬಡಿತ, ಆಮೇಲೆ ಮೌನ. ಆ ಕಂಪನ ಕಡ್ಡಿಯ ಮೂಲಕ ಹರಿಯುತ್ತದೆ. ಅದೇ ಜಾತಿಯ, ಇನ್ನೂ ಕೂಡದ ಹೆಣ್ಣು ಅದೇ ಟೊಂಗೆಯಲ್ಲಿದ್ದರೆ ಅದೂ ಹೊಟ್ಟೆ ಬಡಿದು ಉತ್ತರ ಕೊಡುತ್ತದೆ. ಉತ್ತರ ಸಿಕ್ಕ ಗಂಡು ನಡೆಯಲು ಶುರು ಮಾಡುತ್ತದೆ. ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ, ಮತ್ತೆ ಉತ್ತರ ಕೇಳುತ್ತದೆ, ದಿಕ್ಕು ಬದಲಿಸುತ್ತದೆ. ಹೆಣ್ಣು ಕೂತ ಜಾಗ ಬಿಟ್ಟು ಕದಲುವುದಿಲ್ಲ.

ನನಗೆ ಇದರಲ್ಲಿ ಅತ್ಯಂತ ಮುಖ್ಯ ಅನ್ನಿಸುವುದು ಬಡಿತಗಳ ನಡುವಿನ ಬಿಡುವು. ಎಷ್ಟು ಜೋರಾಗಿ ಬಡಿಯಿತು ಅನ್ನುವುದಕ್ಕಿಂತ, ಒಂದು ಬಡಿತದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಬಿಟ್ಟಿತು ಅನ್ನುವುದರಿಂದ ಹೆಣ್ಣು ತನ್ನ ಜಾತಿಯ ಗಂಡನ್ನು ಗುರುತಿಸುತ್ತದೆ.


ಮಲೆನಾಡಿನ_ಮಳೆ (ತೀರ್ಥಹಳ್ಳಿ)

ಅಣ್ಣ, ಇದು ನಮ್ಮ ಕಿವಿಗೆ ಕೇಳಿಸುತ್ತದಾ? ಇಷ್ಟು ಚಿಕ್ಕ ಹುಳ ಕಡ್ಡಿ ಬಡಿದರೆ ಏನು ಸದ್ದು ಬಂದೀತು?


ಹೊಳೆದಂಡೆ

ದೊಡ್ಡ ಜಾತಿಗಳದ್ದು ಕೇಳಿಸುತ್ತದೆ. ಕಾಗದದ ಮೇಲೋ ತೆಳು ರಟ್ಟಿನ ಮೇಲೋ ಬಿಟ್ಟು, ರೂಮು ನಿಶ್ಶಬ್ದವಾಗಿದ್ದರೆ ಸಣ್ಣಗೆ ಟಕಟಕ ಅನ್ನುವುದು ಗೊತ್ತಾಗುತ್ತದೆ. ಕೆನಡಾದ ಚಾರ್ಲ್ಸ್ ಮ್ಯಾಕ್‌ನಮಾರ 1926ರಷ್ಟು ಹಿಂದೆಯೇ ಸ್ಟೋನ್‌ಫ್ಲೈಗಳ ಈ ಬಡಿತದ ಬಗ್ಗೆ ಕೆನೇಡಿಯನ್ ಎಂಟಮಾಲಜಿಸ್ಟ್ ಪತ್ರಿಕೆಯಲ್ಲಿ ಬರೆದಿದ್ದರು. ಆದರೆ ಗಾಳಿಯಲ್ಲಿ ಬರುವ ಆ ಸದ್ದು ಹುಳಗಳಿಗೆ ಬೇಕಾದದ್ದಲ್ಲ. ಅವು ಕಾಲಿನಿಂದ ಕೇಳುತ್ತವೆ. ಮೊಣಕಾಲಿನ ಸ್ವಲ್ಪ ಕೆಳಗೆ, ಕಾಲಿನ ಒಳಗೆ, ಕಂಪನ ಹಿಡಿಯುವ ಒಂದು ಪುಟ್ಟ ಅಂಗ ಇದೆ. ಇಂಥದ್ದು ಇನ್ನೂ ಬಹಳಷ್ಟು ಕೀಟಗಳಿಗೆ ಇದೆ.

ಚಿಕ್ಕ ದೇಹದಿಂದ ಗಾಳಿಯಲ್ಲಿ ದೂರಕ್ಕೆ ಸದ್ದು ಕಳಿಸುವುದು ತುಂಬಾ ದುಬಾರಿ ಕೆಲಸ. ಅದೇ ಶಕ್ತಿಯನ್ನು ಕಡ್ಡಿಗೆ ಹಾಕಿದರೆ ಸಂದೇಶ ಎಷ್ಟೋ ಚೆನ್ನಾಗಿ ಸಾಗುತ್ತದೆ. ಜೊತೆಗೆ ಹೊಳೆಯ ಪಕ್ಕ ನೀರಿನ ಮೊರೆತ ಯಾವಾಗಲೂ ಇರುತ್ತದೆ, ಗಾಳಿಯಲ್ಲಿ ಕಳಿಸಿದ ಸಣ್ಣ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ, ಅಲ್ವಾ.


ಪ್ರಶ್ನೆಗಾರ (ಧಾರವಾಡ)

ಚಂದ ಬರೆದೀರಿ. ಆದರೆ ಒಂದು ಅನುಮಾನ. ಗಂಡು ಬಡಿಯಿತು, ಆಮೇಲೆ ಹೆಣ್ಣು ಬಡಿಯಿತು. ಇದನ್ನು ಮಾತುಕತೆ ಅಂತ ಹೇಗೆ ಹೇಳುವುದು? ಎರಡೂ ಸುಮ್ನೆ ಬಡಿಯುತ್ತಿರಬಹುದು. ನಾವೇ ಅದಕ್ಕೆ ಪ್ರಶ್ನೆ, ಉತ್ತರ ಅಂತ ಹೆಸರಿಟ್ಟಿರಬಹುದು.


ಹೊಳೆದಂಡೆ

ಕೇಳಲೇಬೇಕಾದ ಪ್ರಶ್ನೆ ಸರ್. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿನ ಕೆಲಸ ನಿಜಕ್ಕೂ ಅಚ್ಚುಕಟ್ಟು.

ಜರ್ಮನಿಯ ರೈನರ್ ರುಪ್ರೆಕ್ಟ್ 1960ರ ದಶಕದ ಕೊನೆಗೆ ಈ ಬಡಿತಗಳನ್ನು ರೆಕಾರ್ಡ್ ಮಾಡಿ ಅಳೆಯಲು ಶುರು ಮಾಡಿದರು. ಅಮೆರಿಕದಲ್ಲಿ ಟೆಕ್ಸಸ್‌ನ ಕೆನೆತ್ ಸ್ಟೂವರ್ಟ್ ಮತ್ತು ಅವರ ವಿದ್ಯಾರ್ಥಿಗಳು 1970ರ ದಶಕದಿಂದ ದಶಕಗಳ ಕಾಲ ಒಂದಾದ ಮೇಲೊಂದು ಜಾತಿಯನ್ನು ಹಿಡಿದು ಇದೇ ಕೆಲಸ ಮಾಡಿದರು. 1977ರಲ್ಲಿ ಜೀಗ್ಲರ್ ಮತ್ತು ಸ್ಟೂವರ್ಟ್ ಹನ್ನೊಂದು ಜಾತಿಗಳ ಬಡಿತವನ್ನು ಒಟ್ಟಿಗೆ ಪ್ರಕಟಿಸಿದರು.

ಹೆಣ್ಣಿನ ಬಡಿತ ಉತ್ತರವೇ ಅನ್ನುವುದಕ್ಕೆ ಆಧಾರ ಹೀಗಿದೆ. ಒಂಟಿಯಾಗಿರುವ ಹೆಣ್ಣು ಸಾಮಾನ್ಯವಾಗಿ ತಾನಾಗಿ ಬಡಿಯುವುದಿಲ್ಲ. ಗಂಡನ್ನು ಪಕ್ಕಕ್ಕಿಟ್ಟು, ಗಂಡಿನ ಬಡಿತದ ರೆಕಾರ್ಡಿಂಗ್ ಅಥವಾ ಕಂಪ್ಯೂಟರಿನಲ್ಲಿ ಮಾಡಿದ ಬಡಿತ ಕೇಳಿಸಿದರೂ ಅದು ಉತ್ತರ ಕೊಡುತ್ತದೆ. ಅಂದರೆ ಗಂಡಿನ ವಾಸನೆ ಬೇಡ, ಗಂಡು ಕಣ್ಣಿಗೆ ಬೀಳುವುದೂ ಬೇಡ, ಬಡಿತ ಒಂದೇ ಸಾಕು. ಈಗ ಆ ಕೃತಕ ಬಡಿತದ ಬಿಡುವನ್ನು ಬದಲಿಸುತ್ತಾ ಹೋಗಿ. ತನ್ನ ಜಾತಿಯ ಅಳತೆಗಿಂತ ತೀರಾ ಬೇರೆಯಾದರೆ ಹೆಣ್ಣು ಸುಮ್ಮನಾಗುತ್ತದೆ. ಒಮ್ಮೆ ಕೂಡಿದ ಹೆಣ್ಣು ಸಾಮಾನ್ಯವಾಗಿ ಸರಿಯಾದ ಬಡಿತಕ್ಕೂ ಉತ್ತರ ಕೊಡುವುದಿಲ್ಲ. ಇಷ್ಟೆಲ್ಲ ಒಟ್ಟಿಗೆ ನೋಡಿದರೆ ಕಾಕತಾಳೀಯ ಅನ್ನಲು ಜಾಗ ಉಳಿಯುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿದ್ದಾರೆ. 1993ರಲ್ಲಿ ಅಬಟ್ ಮತ್ತು ಸ್ಟೂವರ್ಟ್, ಟೆರೊನಾರ್ಸೆಲ್ಲಾ ಬಾಡಿಯಾ ಎಂಬ ಜಾತಿಯ ಗಂಡುಗಳು ಹೇಗೆ ನಡೆಯುತ್ತವೆ ಅಂತ ದಾಖಲಿಸಿದರು. ಹೆಣ್ಣಿನಿಂದ ಉತ್ತರ ಪಡೆಯುತ್ತಿದ್ದ ಗಂಡುಗಳು, ಉತ್ತರವಿಲ್ಲದೆ ಅಲೆಯುತ್ತಿದ್ದ ಗಂಡುಗಳಿಗಿಂತ ಬೇಗ ಹೆಣ್ಣನ್ನು ತಲುಪಿದವು. ಬೇರೆ ಬೇರೆ ಜಾಗಗಳಲ್ಲಿ ನಿಂತು ಉತ್ತರ ಕೇಳಿಸಿಕೊಂಡು ದಿಕ್ಕು ಸರಿಮಾಡಿಕೊಳ್ಳುವ ನಡಿಗೆ ಅದು.


ಪ್ರಶ್ನೆಗಾರ

ಒಪ್ಪಿದೆ. ಕೃತಕ ಬಡಿತಕ್ಕೂ ಉತ್ತರ ಬರುತ್ತದೆ ಅನ್ನುವ ಮಾತು ಸಾಕು ನನಗೆ. ಹಾಗಾದರೆ ಇನ್ನೊಂದು. ಬಿಸಿಲು ಜಾಸ್ತಿ ಇದ್ದ ದಿನ ಹುಳಗಳು ಚುರುಕಾಗುತ್ತವೆ. ಆಗ ಬಡಿತವೂ ವೇಗವಾಗಬೇಕಲ್ಲ? ಬಿಡುವೇ ಗುರುತು ಆಗಿದ್ದರೆ ಅದು ಕೆಡುವುದಿಲ್ಲವೇ?


ಹೊಳೆದಂಡೆ

ವೇಗವಾಗುತ್ತದೆ. ಬಿಸಿ ಏರಿದಂತೆ ಬಿಡುವು ಕಡಿಮೆಯಾಗುತ್ತದೆ. ಅದಕ್ಕೇ ರೆಕಾರ್ಡ್ ಮಾಡುವಾಗ ಉಷ್ಣಾಂಶವನ್ನು ಬರೆದಿಡಲೇಬೇಕು, ಇಲ್ಲದಿದ್ದರೆ ಎರಡು ಜಾತಿಗಳನ್ನು ಹೋಲಿಸುವಂತೆಯೇ ಇಲ್ಲ. ಆದರೆ ಒಂದೇ ಟೊಂಗೆಯ ಮೇಲಿರುವ ಗಂಡು ಹೆಣ್ಣಿಗೆ ಬಿಸಿಯೂ ಹೆಚ್ಚು ಕಡಿಮೆ ಒಂದೇ, ಹಾಗಾಗಿ ಅವುಗಳ ನಡುವೆ ಗುರುತು ಅಷ್ಟಾಗಿ ಕೆಡುವುದಿಲ್ಲ.


ಕಡಲಬದಿ (ಕುಂದಾಪುರ)

ಒಂದೊಂದು ಜಾತಿಗೂ ಒಂದೊಂದು ತಾಳ ಅಂದ ಹಾಗಾಯಿತು. ನನ್ನ ಪ್ರಶ್ನೆ ಬೇರೆ. ಒಂದೇ ಜಾತಿ ದೂರದೂರದ ಊರುಗಳಲ್ಲಿದ್ದರೆ ಬಡಿತ ಬದಲಾಗುತ್ತದಾ? ನಮ್ಮಲ್ಲಿ ಯಕ್ಷಗಾನ ಒಂದೇ ಆದರೂ ತೆಂಕುತಿಟ್ಟಿನ ಚೆಂಡೆ ಬೇರೆ, ಬಡಗುತಿಟ್ಟಿನ ಚೆಂಡೆ ಬೇರೆ. ಕಣ್ಣು ಮುಚ್ಚಿ ಕೇಳಿದರೂ ಯಾವ ಕಡೆಯ ಮೇಳ ಅಂತ ಹೇಳಬಹುದು.


ಹೊಳೆದಂಡೆ

ಬದಲಾಗುತ್ತದೆ! ನಿಮ್ಮ ಹೋಲಿಕೆ ಸರಿಯಾಗಿ ಕೂರುತ್ತದೆ. 1982ರಲ್ಲಿ ಸ್ಟೂವರ್ಟ್, ಸಿಟ್ಕೊ ಮತ್ತು ಸ್ಟಾರ್ಕ್ ಅದೇ ಟೆರೊನಾರ್ಸೆಲ್ಲಾ ಬಾಡಿಯಾ ಜಾತಿಯ ಕೊಲರಾಡೊದ ಹುಳಗಳನ್ನೂ ಅಲಾಸ್ಕಾದ ಹುಳಗಳನ್ನೂ ಹೋಲಿಸಿದರು. ನೋಡಲು ಒಂದೇ ಜಾತಿ, ಬಡಿತದಲ್ಲಿ ಎರಡು ತಿಟ್ಟು. ಅವರು ಅದನ್ನು ಪ್ರಾದೇಶಿಕ ನುಡಿ ಅಂತಲೇ ಕರೆದರು.

ಇದು ಯಾಕೆ ದೊಡ್ಡ ವಿಷಯ ಅಂದರೆ, ಬಡಿತ ಹೊಂದದಿದ್ದರೆ ಹೆಣ್ಣು ಉತ್ತರ ಕೊಡುವುದಿಲ್ಲ. ಉತ್ತರ ಇಲ್ಲದಿದ್ದರೆ ಗಂಡು ಹೆಣ್ಣನ್ನು ಸೇರುವುದು ಕಷ್ಟ. ದೂರದ ಎರಡು ಗುಂಪುಗಳ ಬಡಿತ ಬೇರೆ ಬೇರೆಯಾಗುತ್ತಾ ಹೋದರೆ, ಮುಂದೆ ಒಂದು ದಿನ ಅವು ಮತ್ತೆ ಎದುರಾದರೂ ಒಂದನ್ನೊಂದು ಗುರುತಿಸದೇ ಇರಬಹುದು. ಹೊಸ ಜಾತಿಗಳು ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಎಲ್ಲ ಜಾತಿಗಳೂ ಒಂದೇ ರೀತಿ ಬಡಿಯುತ್ತವೆ ಅಂದುಕೊಳ್ಳಬೇಡಿ. ಸಮನಾದ ಬಿಡುವಿನ ನೇರ ಬಡಿತ ಎಲ್ಲಕ್ಕಿಂತ ಹಳೆಯದು ಅಂತ ಸ್ಟೂವರ್ಟ್ ಅವರ ಅಭಿಪ್ರಾಯ. ಆಮೇಲೆ ಅದರಿಂದ ತರತರದ ಬಡಿತಗಳು ಬೆಳೆದಿವೆ. ಕೆಲವು ಬಡಿತಗಳನ್ನು ಗುಂಪು ಗುಂಪಾಗಿ ಕೊಡುತ್ತವೆ. ಕೆಲವು ಬಡಿಯುವ ಬದಲು ಹೊಟ್ಟೆಯನ್ನು ಮರಕ್ಕೆ ಉಜ್ಜುತ್ತವೆ. ಯೂರೋಪಿನ ಸಿಫೊನೊಪರ್ಲಾ ಎಂಬ ಹುಳ ಹೊಟ್ಟೆಯನ್ನು ಎಲ್ಲಿಗೂ ತಾಕಿಸುವುದೇ ಇಲ್ಲ. ಮೈಯನ್ನೇ ನಡುಗಿಸಿ, ಆ ನಡುಕವನ್ನು ಕಾಲುಗಳ ಮೂಲಕ ಎಲೆಗೆ ಇಳಿಸುತ್ತದೆ. ಅದನ್ನು ಕಂಡುಹಿಡಿದವರೂ ರುಪ್ರೆಕ್ಟ್ ಅವರೇ. ಹಲವು ಜಾತಿಗಳ ಗಂಡಿನ ಹೊಟ್ಟೆಯ ಅಡಿಯಲ್ಲಿ ಬಡಿಯುವುದಕ್ಕೇ ಅಂತ ಒಂದು ಗುಬುಟೋ ಮೆತ್ತನೆಯ ಉಬ್ಬೋ ಇರುತ್ತದೆ. ಹೆಣ್ಣಿಗೆ ಅದು ಇಲ್ಲ. ಅದರ ಉತ್ತರವೂ ಸರಳ.

ಇನ್ನು ಕೆಲವು ಜಾತಿಗಳಲ್ಲಿ ಗಂಡು ಮುಗಿಸುವ ಮುಂಚೆಯೇ ಹೆಣ್ಣು ಉತ್ತರ ಶುರು ಮಾಡುತ್ತದೆ. ಕೆಲವು ಕಡೆ ಹೆಣ್ಣಿನ ಉತ್ತರ ಬಂದ ಮೇಲೆ ಗಂಡು ಇನ್ನೊಮ್ಮೆ ಬಡಿದು ಒಪ್ಪಿಗೆ ಕೊಡುತ್ತದೆ. ಅಲ್ಲಿಗೆ ಮೂರು ಸುತ್ತಿನ ಮಾತಾಯಿತು.


ಮಲೆನಾಡಿನ_ಮಳೆ

ಈ ಹುಳ ನಮ್ಮ ಕಡೆ ಇದೆಯಾ ಅಣ್ಣ? ತುಂಗೆಯ ಕಲ್ಲುಗಳ ಅಡಿ ಚಪ್ಪಟೆ ಹುಳ ನೋಡಿದ್ದೇನೆ. ಬಾಲ ಎರಡು ಇತ್ತು.


ಹೊಳೆದಂಡೆ

ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಸ್ಟೋನ್‌ಫ್ಲೈಗಳು ಖಂಡಿತ ಇವೆ. ಅಲ್ಲಿ ಎದ್ದು ಕಾಣುವುದು ಪರ್ಲಿಡೆ ಕುಟುಂಬದ ನಿಯೋಪರ್ಲಾ ಕುಲ. ಬೆಳೆದ ಹುಳಗಳು ರಾತ್ರಿ ದೀಪಕ್ಕೆ ಬರುತ್ತವೆ. ಹೊಳೆ ಪಕ್ಕದ ಮನೆಗಳ ಜಗಲಿಯಲ್ಲಿ ಲೈಟ್ ಹಾಕಿದಾಗ ನೋಡಿ. ರೆಕ್ಕೆಗಳನ್ನು ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿ ಕೂತಿರುತ್ತವೆ.

ಎರಡು ಬಾಲ ಒಳ್ಳೆಯ ಗುರುತು. ಆದರೆ ಅದೊಂದನ್ನೇ ನಂಬಬೇಡಿ. ಹೊಳೆಯಲ್ಲೇ ಬೆಳೆಯುವ ಮೇಫ್ಲೈ ಎಂಬ ಇನ್ನೊಂದು ಹುಳದ ಮರಿಗಳಿಗೆ ಸಾಮಾನ್ಯವಾಗಿ ಮೂರು ಬಾಲ ಇದ್ದರೂ ಕೆಲವಕ್ಕೆ ಎರಡೇ. ಕಾಲಿನ ತುದಿ ನೋಡಿ. ಸ್ಟೋನ್‌ಫ್ಲೈಗೆ ಒಂದೊಂದು ಕಾಲಿಗೂ ಎರಡು ಉಗುರು, ಮೇಫ್ಲೈ ಮರಿಗೆ ಒಂದೇ. ಕಿವಿರು ಎಲ್ಲಿದೆ ನೋಡಿ. ಪರ್ಲಿಡೆ ಮರಿಗಳಿಗೆ ಕಾಲಿನ ಬುಡದಲ್ಲಿ, ಕಂಕುಳಿನ ಹತ್ತಿರ, ಬಿಳಿ ಎಳೆಗಳ ಗೊಂಚಲು ಇರುತ್ತದೆ. ಮೇಫ್ಲೈ ಮರಿಯ ಕಿವಿರುಗಳು ಹೊಟ್ಟೆಯ ಎರಡೂ ಪಕ್ಕ ಸಾಲಾಗಿರುತ್ತವೆ.

ಪರ್ಲಿಡೆ ಕುಟುಂಬದ ಹಲವು ಜಾತಿಗಳು ಬಡಿಯುವುದನ್ನು ಅಮೆರಿಕದಲ್ಲಿ ರೆಕಾರ್ಡ್ ಮಾಡಿದ್ದಾರೆ. 1988ರಲ್ಲಿ ಈ ಕುಟುಂಬದ ಬಡಿತದ ಬಗ್ಗೆಯೇ ಮೇಕಟನ್ ಮತ್ತು ಸ್ಟೂವರ್ಟ್ ಒಂದು ಅಧ್ಯಯನ ತಂದರು. ನಮ್ಮ ಘಟ್ಟದ ಹುಳಗಳ ಮೇಲೆ ಕಿವಿ ಇಡಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ?

ಇನ್ನೊಂದು ಸ್ವಾರಸ್ಯ. ಪ್ರಪಂಚದಲ್ಲಿ 3,500ಕ್ಕೂ ಹೆಚ್ಚು ಸ್ಟೋನ್‌ಫ್ಲೈ ಜಾತಿಗಳಿವೆ. ಅವುಗಳಲ್ಲಿ ಎರಡು ದೊಡ್ಡ ಕವಲು. ಮುಖ್ಯವಾಗಿ ಉತ್ತರ ಗೋಳಾರ್ಧದಲ್ಲಿ ಹರಡಿದ ಕವಲಿನವು ಬಡಿಯುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ಕವಲಿನಲ್ಲಿ ಈ ಬಡಿತ ಕಂಡುಬಂದಿಲ್ಲ. ಎರಡು ಕವಲು ಬೇರೆಯಾದ ಮೇಲೆ ಉತ್ತರದವುಗಳಲ್ಲಿ ಈ ವಿದ್ಯೆ ಹುಟ್ಟಿತು ಅಂತ ತಜ್ಞರು ಹೇಳುತ್ತಾರೆ. ನಮ್ಮ ನಿಯೋಪರ್ಲಾ ಉತ್ತರದ ಕವಲಿಗೇ ಸೇರಿದ್ದು.


ಗದ್ದೆಬದು (ಮಂಡ್ಯ)

ಎಲ್ಲರೂ ಹೊಳೆ ಬಗ್ಗೆ ಮಾತಾಡುತ್ತಿದ್ದೀರಿ. ಗದ್ದೆಯಲ್ಲೂ ಇಂಥದ್ದು ಇದೆ ಅಂತ ಒಮ್ಮೆ ತರಬೇತಿಯಲ್ಲಿ ಕೇಳಿದ್ದೆ. ಭತ್ತದ ಕಂದು ಜಿಗಿಹುಳು ಕೂಡ ಪೈರನ್ನೇ ತಂತಿ ಮಾಡಿಕೊಂಡು ಮಾತಾಡುತ್ತದೆ ಅಂದರು. ಅದು ಬಂದರೆ ನಮ್ಮ ಕಥೆ ಏನಾಗುತ್ತದೆ ಅಂತ ಭತ್ತ ಬೆಳೆದವರಿಗೇ ಗೊತ್ತು. ಬುಡದಲ್ಲಿ ಕೂತು ರಸ ಹೀರಿ, ಗದ್ದೆ ನಡುವೆ ಗುಂಡಗೆ ಸುಟ್ಟ ಹಾಗೆ ಮಾಡಿಬಿಡುತ್ತದೆ. ಅದರ ಬಗ್ಗೆ ಗೊತ್ತಿದ್ದರೆ ಹೇಳಿ.


ಹೊಳೆದಂಡೆ

ನೀವು ಕೇಳಿದ್ದು ನಿಜ ಅಣ್ಣ. ಜಪಾನಿನ ಇಚಿಕಾವಾ ಮತ್ತು ಇಶೀ 1974ರಲ್ಲೇ ಇದನ್ನು ತೋರಿಸಿದರು. ಹೆಣ್ಣು ಹೊಟ್ಟೆ ಅಲ್ಲಾಡಿಸಿ ಭತ್ತದ ಕಾಂಡಕ್ಕೆ ಕಂಪನ ಕೊಡುತ್ತದೆ. ಗಂಡು ತನ್ನ ಕಂಪನದಿಂದ ಉತ್ತರಿಸಿ, ಹುಡುಕಿಕೊಂಡು ಬರುತ್ತದೆ. ಪೈರುಗಳು ಒಂದಕ್ಕೊಂದು ತಾಕಿದ್ದರೆ ಸಂದೇಶ ಪಕ್ಕದ ಪೈರಿಗೂ ದಾಟುತ್ತದೆ. ಆಮೇಲೆ 1980ರ ದಶಕದಲ್ಲಿ ಬ್ರಿಟನ್ನಿನ ಕ್ಲಾರಿಡ್ಜ್ ಮತ್ತು ಅವರ ಜೊತೆಗಾರರು ಏಷ್ಯಾದ ಬೇರೆ ಬೇರೆ ದೇಶಗಳ ಮತ್ತು ಆಸ್ಟ್ರೇಲಿಯಾದ ಕಂದು ಜಿಗಿಹುಳುಗಳನ್ನು ಹೋಲಿಸಿದಾಗ, ಅವುಗಳ ಕಂಪನದ ವೇಗದಲ್ಲೂ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸ ಸಿಕ್ಕಿತು. ಕುಂದಾಪುರದವರು ಕೇಳಿದ ಪ್ರಶ್ನೆ ಭತ್ತದ ಗದ್ದೆಗೂ ಸಲ್ಲುತ್ತದೆ.

ಸ್ಟೋನ್‌ಫ್ಲೈಯಲ್ಲಿ ಹೆಚ್ಚಾಗಿ ಬಡಿತ, ಜಿಗಿಹುಳುವಿನಲ್ಲಿ ನಡುಕ.


ಗದ್ದೆಬದು

ಹಾಗಾದರೆ ಆ ಮಾತುಕತೆಯನ್ನು ಕೆಡಿಸಿ ಕೀಟ ತಡೆಯಬಹುದಲ್ಲ? ಔಷಧಿ ಹೊಡೆದರೆ ಜೇಡ ಸಾಯುತ್ತದೆ, ಆಮೇಲೆ ಜಿಗಿಹುಳು ಇನ್ನೂ ಜಾಸ್ತಿಯಾಗುತ್ತದೆ. ನಮ್ಮ ತಂದೆ ಕಾಲದಿಂದ ಇದೇ ಗೋಳು.


ಬೆಸುಗೆಕಡ್ಡಿ (ಬೆಂಗಳೂರು)

ಇದಕ್ಕೆ ನಾನು ಹೇಳಬಹುದು, ಯಾಕೆಂದರೆ ಎಲೆಕ್ಟ್ರಾನಿಕ್ಸ್ ಕಡೆಯಿಂದ ಇದನ್ನು ಓದಿದ್ದೇನೆ. ಇಟಲಿಯ ದ್ರಾಕ್ಷಿ ತೋಟಗಳಲ್ಲಿ ಮಾಡಿ ನೋಡಿದ್ದಾರೆ. ಅಲ್ಲಿ ಸ್ಕ್ಯಾಫಾಯ್ಡಿಯಸ್ ಟೈಟಾನಸ್ ಎಂಬ ಜಿಗಿಹುಳು ಬಳ್ಳಿಗೆ ಒಂದು ಕೆಟ್ಟ ರೋಗ ಹರಡುತ್ತದೆ. ಈ ಹುಳದಲ್ಲಿ ಒಂದು ಗಂಡು ಹೆಣ್ಣಿನ ಜೊತೆ ಮಾತಾಡುತ್ತಿದ್ದರೆ, ಇನ್ನೊಂದು ಗಂಡು ನಡುವೆ ಬೇರೆ ರೀತಿಯ ಕಂಪನ ಹಾಕಿ ಅದನ್ನು ಕೆಡಿಸುತ್ತದೆ. ಸಂಶೋಧಕರು ಆ ಕೆಡಿಸುವ ಕಂಪನವನ್ನೇ ರೆಕಾರ್ಡ್ ಮಾಡಿ, ಬಳ್ಳಿ ಹಬ್ಬಿಸಿದ ತಂತಿಗಳ ಮೂಲಕ ತೋಟಕ್ಕೆ ಕೊಟ್ಟರು. ಕೂಡುವ ಜೋಡಿಗಳು ತುಂಬಾ ಕಡಿಮೆಯಾದವು. 2012ರಲ್ಲಿ ಎರಿಕ್ಸನ್, ಮಝೋನಿ ಮತ್ತಿತರರು ಅದನ್ನು ಪ್ರಕಟಿಸಿದರು.

ಅಲ್ಲಿ ಅನುಕೂಲ ಆಗಿದ್ದು ತಂತಿ. ಸಾಲಿನ ಉದ್ದಕ್ಕೂ ಒಂದೇ ತಂತಿ ಎಲ್ಲ ಬಳ್ಳಿಗಳನ್ನೂ ಮುಟ್ಟಿರುತ್ತದೆ. ಭತ್ತದಲ್ಲಿ ಅಂಥ ತಂತಿ ಇಲ್ಲ. ಒಂದೊಂದು ಬುಡಕ್ಕೂ ಕಂಪನ ತಲುಪಿಸುವುದು ಬಹಳ ಕಷ್ಟ. ಹಾಗಾಗಿ ಅಣ್ಣ, ಸದ್ಯಕ್ಕೆ ಗದ್ದೆಯ ಜೇಡಗಳನ್ನು ಉಳಿಸಿಕೊಳ್ಳುವುದೇ ಒಳ್ಳೆಯದು.


ಗದ್ದೆಬದು

ಸರಿ. ತಿಳಿಸಿದ್ದಕ್ಕೆ ಥ್ಯಾಂಕ್ಸ್ ತಮ್ಮ.


ಶಾಲೆಬೆಲ್ (ಶಿರಸಿ)

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಗೆದ್ದಲಿನ ಸೈನಿಕ ಹುಳಗಳು ತಲೆ ಬಡಿದು ಅಪಾಯದ ಸೂಚನೆ ಕೊಡುತ್ತವೆ ಅಂತ ಮಕ್ಕಳಿಗೆ ಹೇಳುತ್ತಿರುತ್ತೇನೆ. ಒಣ ಎಲೆಯ ಹತ್ತಿರ ಕಿವಿ ಇಟ್ಟರೆ ಕೇಳಿಸುತ್ತದೆ, ಮಕ್ಕಳಿಗೆ ಅದು ಅಂದರೆ ಪ್ರಾಣ. ಸ್ಟೋನ್‌ಫ್ಲೈ ವಿಷಯ ಇನ್ನೂ ಚಂದ ಇದೆ, ಯಾಕೆಂದರೆ ಎರಡೂ ಕಡೆಯಿಂದ ಮಾತು ಇದೆ. ಆದರೆ ಮಕ್ಕಳಿಗೆ ತೋರಿಸುವುದು ಹೇಗೆ? ದೊಡ್ಡ ಲ್ಯಾಬ್ ನಮ್ಮಲ್ಲಿಲ್ಲ.


ಬೆಸುಗೆಕಡ್ಡಿ

ಮೇಡಂ, ದೊಡ್ಡ ಲ್ಯಾಬುಗಳಲ್ಲಿ ಬೆಳಕಿನಿಂದ ಕಂಪನ ಅಳೆಯುವ ಲೇಸರ್ ವೈಬ್ರೋಮೀಟರ್ ಬಳಸುತ್ತಾರೆ. ಅದು ಲಕ್ಷಗಳ ಮಾತು. ಶಾಲೆಗೆ ಅದು ಬೇಡ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ಸಿಗುವ, ಕಂಪನವನ್ನು ವಿದ್ಯುತ್ತಾಗಿ ಬದಲಿಸುವ 27 ಮಿಲಿಮೀಟರಿನ ಪೀಜೋ ಡಿಸ್ಕ್ ಸಾಕು. ಹಿತ್ತಾಳೆ ತಟ್ಟೆ ಮೇಲೆ ಬಿಳಿ ಪಿಂಗಾಣಿ ಅಂಟಿಸಿದ ಹಾಗೆ ಇರುತ್ತದಲ್ಲ, ಅದೇ. ಬಝರ್‌ಗಳ ಒಳಗೂ ಇರುತ್ತದೆ.

ಒಂದು ಎಚ್ಚರ. ಅದನ್ನು ನೇರವಾಗಿ ಮೊಬೈಲಿಗೆ ಸಿಕ್ಕಿಸಿದರೆ ತೆಳ್ಳಗಿನ ಕೆರಕಲು ಸದ್ದು ಮಾತ್ರ ಬರುತ್ತದೆ, ಅಡಿಯ ಸ್ವರ ಹೋಗಿಬಿಡುತ್ತದೆ. ಕಾರಣ ಇದು. ಆ ಡಿಸ್ಕಿನ ಕೆಪಾಸಿಟೆನ್ಸ್ ಸುಮಾರು 20 ನ್ಯಾನೋಫ್ಯಾರಡ್. ಅದಕ್ಕೆ 10 ಕಿಲೋ ಓಮ್ ಇನ್‌ಪುಟ್ ಸೇರಿಸಿದರೆ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ಕುಗ್ಗುತ್ತದೆ. ಅದೇ 1 ಮೆಗಾ ಓಮ್ ಇದ್ದರೆ 8 ಹರ್ಟ್ಸ್‌ವರೆಗೂ ಸಿಗುತ್ತದೆ. ಕಡ್ಡಿಯ ಕಂಪನದ ಬಹಳಷ್ಟು ಶಕ್ತಿ ಕೆಳಗಿನ ಸ್ವರದಲ್ಲೇ ಇರುತ್ತದೆ. ಆದ್ದರಿಂದ ಡಿಸ್ಕಿಗೂ ರೆಕಾರ್ಡರಿಗೂ ನಡುವೆ ಒಂದು ಎಫ್‌ಇಟಿ ಬಫರ್ ಹಾಕಿ, ಅಂದರೆ ಎಫ್‌ಇಟಿ ಎಂಬ ಬಗೆಯ ಟ್ರಾನ್ಸಿಸ್ಟರಿನಿಂದ ಮಾಡಿದ, ಇನ್‌ಪುಟ್ ಓಮ್ ಜಾಸ್ತಿ ಇರುವ ಪುಟ್ಟ ಸರ್ಕಿಟ್. ಒಂದು ಎಫ್‌ಇಟಿ, ಎರಡು ಮೂರು ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಹತ್ತನೇ ಕ್ಲಾಸಿನ ಮಕ್ಕಳೇ ಬೆಸುಗೆ ಹಾಕಬಹುದು. ಗಿಟಾರಿನ ಪೀಜೋ ಪಿಕಪ್‌ಗೆ ಮಾಡಿದ ಪ್ರೀಆಂಪ್ ಇದ್ದರೆ ಅದೂ ನಡೆಯುತ್ತದೆ.

ರೆಕಾರ್ಡ್ ಆದದ್ದನ್ನು ಆಡಾಸಿಟಿ ಎಂಬ ಉಚಿತ ಆಡಿಯೋ ಸಾಫ್ಟ್‌ವೇರಿನಲ್ಲಿ ತೆರೆದು ಹಿಗ್ಗಿಸಿ ನೋಡಿದರೆ ಒಂದೊಂದು ಬಡಿತವೂ ಮೊನೆಯ ಹಾಗೆ ಎದ್ದು ಕಾಣುತ್ತದೆ. ಎರಡು ಮೊನೆಗಳ ನಡುವಿನ ಸಮಯವನ್ನು ಅಲ್ಲೇ ಅಳೆಯಬಹುದು.


ಶಾಲೆಬೆಲ್

ಇದು ನಮ್ಮ ಕೈಯಲ್ಲಿ ಆಗುವಂಥದ್ದು! ಕಂಪನ, ಕೆಪಾಸಿಟರ್, ಕೀಟ, ಎಲ್ಲ ಒಂದೇ ಪಾಠದಲ್ಲಿ ಬರುತ್ತದೆ. ಹುಳಗಳನ್ನು ತರುವುದು ಹೇಗೆ? ಹೊಳೆಯಿಂದ ಹಿಡಿದು ತರಬೇಕಾ?


ಹೊಳೆದಂಡೆ

ಮೇಡಂ, ಮಕ್ಕಳ ಜೊತೆ ಇದನ್ನು ಮಾಡುತ್ತೀರಿ ಅಂದಾಗ ನಿಜಕ್ಕೂ ಖುಷಿಯಾಯಿತು. ಮೊದಲ ಮಾತು, ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಮುಟ್ಟಬೇಡಿ. ಊರ ಹೊಳೆಯಾದರೂ ಮರಿಗಳನ್ನು ತರಬೇಡಿ. ಹರಿಯುವ ತಣ್ಣನೆ ನೀರಿಲ್ಲದೆ ಬೇಗ ಸಾಯುತ್ತವೆ. ಕಲ್ಲು ಎತ್ತಿ ನೋಡಿದರೆ, ಯಾವ ಮಗ್ಗುಲಾಗಿತ್ತೋ ಅದೇ ಮಗ್ಗುಲಾಗಿ ಅಲ್ಲೇ ಇಡಿ.

ದೀಪಕ್ಕೆ ಬಂದ ಬೆಳೆದ ಹುಳಗಳು ಸಾಕು. ಒಂದೆರಡನ್ನು ಕಾಗದದ ತಳ ಇರುವ ಪುಟ್ಟ ಡಬ್ಬಿಯಲ್ಲಿ ಇಟ್ಟು, ತಳಕ್ಕೆ ಡಿಸ್ಕ್ ತಾಗಿಸಿ, ಫ್ಯಾನು ಆರಿಸಿ ಕಾಯಿರಿ. ಒದ್ದೆ ಹತ್ತಿ ಒಳಗಿಡಿ. ಬೆಳಗಾಗುವ ಮೊದಲು ಹೊಳೆ ಪಕ್ಕದ ಗಿಡಕ್ಕೆ ಬಿಟ್ಟುಬಿಡಿ.

ಹುಳ ಸಿಗದಿದ್ದರೂ ಪಾಠ ನಡೆಯುತ್ತದೆ. ಒಂದು ಉದ್ದನೆಯ ಒಣ ಕಡ್ಡಿ, ಒಂದು ಹಸಿ ಕಡ್ಡಿ, ಒಂದು ತಟ್ಟೆ ಮರಳು ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಬೆರಳಿನಿಂದ ಒಂದೇ ಸಮ ತಟ್ಟಿ, ಇನ್ನೊಂದು ತುದಿಯಲ್ಲಿ ಡಿಸ್ಕ್ ಇಡಿ. ಯಾವುದರಲ್ಲಿ ಬಡಿತ ಚೆನ್ನಾಗಿ ಸಾಗಿತು ಅಂತ ಮಕ್ಕಳೇ ಅಳೆಯಲಿ.


ತೋಟದಾಚೆ (ಮೂಡಿಗೆರೆ)

ಇದನ್ನೆಲ್ಲ ಓದಿದ ಮೇಲೆ ನಮ್ಮ ಹಳ್ಳ ನೆನಪಾಗುತ್ತಿದೆ. ನಮ್ಮ ತೋಟದ ಕೆಳಗೆ ವರ್ಷವಿಡೀ ಹರಿಯುವ ಹಳ್ಳ ಇದೆ. ಹೋದ ಬೇಸಿಗೆಯಲ್ಲಿ ದಂಡೆ ಭದ್ರ ಮಾಡುತ್ತೇವೆ ಅಂತ ಎರಡೂ ಕಡೆಯ ಗಿಡಗಂಟಿ, ಬಿದ್ದ ಮರ, ಎಲ್ಲವನ್ನೂ ತೆಗೆಸಿ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ನೀರು ಈಗಲೂ ತಿಳಿಯಾಗಿಯೇ ಇದೆ. ನೀರು ಚೆನ್ನಾಗಿದೆಯಲ್ಲ, ಹುಳಗಳಿಗೆ ಏನೂ ಆಗುವುದಿಲ್ಲ ಅಂತ ಅಲ್ಲಿದ್ದವರು ಹೇಳಿದರು. ಅದು ಸರಿಯಾ?


ಹೊಳೆದಂಡೆ

ಸರಿಯಲ್ಲ. ನನಗೆ ಎಲ್ಲಕ್ಕಿಂತ ಕಳಕಳಿ ಇರುವ ವಿಷಯ ಇದೇ.

ಸ್ಟೋನ್‌ಫ್ಲೈ ಅಂದ ಕೂಡಲೇ ಎಲ್ಲರೂ ನೀರನ್ನು ಪರೀಕ್ಷೆ ಮಾಡುತ್ತಾರೆ. ಅದು ಬೇಕು. ಹೊಳೆಯ ಆರೋಗ್ಯ ಅಳೆಯುವವರು ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಈ ಮೂರನ್ನೂ ಎಣಿಸುವುದು ಅದಕ್ಕೇ. ಕೊಳಕು ನೀರಿನಲ್ಲಿ ಮೊದಲು ಕಾಣೆಯಾಗುವವು ಇವು. ಆದರೆ ಈ ಹುಳ ಪೊರೆ ಬಿಡುವುದು ದಂಡೆಯಲ್ಲಿ, ಜೊತೆ ಹುಡುಕುವುದು ದಂಡೆಯಲ್ಲಿ. ಹೆಣ್ಣು ಮೊಟ್ಟೆಯ ಗೊಂಚಲು ಹೊತ್ತು ಮತ್ತೆ ನೀರಿಗೆ ಬರುವವರೆಗೂ ಅದರ ಬದುಕು ಹೊಳೆ ಪಕ್ಕದ ಗಿಡದಲ್ಲೇ. ಬಡಿದ ಬಡಿತ ಸಾಗಲು ಕಡ್ಡಿ ಬೇಕು, ಕಾಂಡ ಬೇಕು, ಒಣಗಿ ಬಿದ್ದ ಎಲೆ ಬೇಕು. ದಪ್ಪ ಕಾಂಕ್ರೀಟ್ ಗೋಡೆಯ ಮೇಲೆ ಎರಡು ಗ್ರಾಂ ಕೂಡ ತೂಗದ ಹುಳ ಹೊಟ್ಟೆ ಬಡಿದರೆ ಗೋಡೆ ನಡುಗುವುದಿಲ್ಲ. ಪಕ್ಕದಲ್ಲೇ ಹೆಣ್ಣಿದ್ದರೂ ಅದಕ್ಕೆ ತಿಳಿಯುವುದು ಕಷ್ಟ.

ದಂಡೆಯ ಮರ ಹೋದರೆ ನೆರಳು ಹೋಗುತ್ತದೆ, ನೀರು ಬಿಸಿಯಾಗುತ್ತದೆ. ಎಲೆ ಉದುರುವುದು ನಿಲ್ಲುತ್ತದೆ. ಕೊಳೆತ ಎಲೆ ತಿಂದು ಬದುಕುವ ಮರಿಗಳಿಗೆ ಊಟವೂ ಹೋಯಿತು.

ಇವು ಹೋದರೆ ಸುಲಭವಾಗಿ ವಾಪಸ್ ಬರುವುದಿಲ್ಲ. ಯೂಟಾ ರಾಜ್ಯದ ಲೋಗನ್ ನದಿಯಲ್ಲಿ ಒಂದು ಕಾಲಕ್ಕೆ ಸಾಲ್ಮನ್‌ಫ್ಲೈ ಹೇರಳವಾಗಿತ್ತು. 20ನೇ ಶತಮಾನದ ಮಧ್ಯದ ಹೊತ್ತಿಗೆ ಅದು ಅಲ್ಲಿಂದ ಮರೆಯಾಯಿತು. ಕೊಲರಾಡೊ ನದಿಯ ಮೇಲ್ಭಾಗದಲ್ಲಿ ನೀರು ಕಟ್ಟಿದ ಜಾಗದ ಕೆಳಗೆ ಇದೇ ಹುಳ ತೀರಾ ಇಳಿದಿದೆ. ಮಾಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಹಿಮನದಿಗಳಿಂದ ಇಳಿಯುವ ತಣ್ಣನೆ ತೊರೆಗಳಲ್ಲಿ ಲೆಡ್ನಿಯಾ ಟುಮಾನಾ ಎಂಬ ಪುಟ್ಟ ಸ್ಟೋನ್‌ಫ್ಲೈ ಇದೆ. ಹಿಮ ಕರಗಿ ಹೋಗುತ್ತಿರುವುದರಿಂದ 2019ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದ ಪಟ್ಟಿಗೆ ಸೇರಿಸಿತು.

ನಿಮ್ಮ ಹಳ್ಳದ ಮೇಲಿನ ಭಾಗದಲ್ಲಿ ಗೋಡೆ ಇಲ್ಲದ ದಂಡೆ ಉಳಿದಿದೆಯಾ? ಉಳಿದಿದ್ದರೆ ಹುಳಗಳು ಅಲ್ಲಿರಬಹುದು. ಅಲ್ಲಿನ ಗಿಡಗಂಟಿಯನ್ನು ಯಾರೂ ಕಡಿಯದ ಹಾಗೆ ನೋಡಿಕೊಳ್ಳಿ.


ತೋಟದಾಚೆ

ಇದೆ. ನಮ್ಮ ಗಡಿ ದಾಟಿದ ಮೇಲೆ ಶೋಲೆ ಕಾಡು ಶುರುವಾಗುವವರೆಗೂ ದಂಡೆ ಹಾಗೇ ಇದೆ. ಹೊಂಗೆ, ನೇರಳೆ, ವಾಟೆ ಬಿದಿರು ಎಲ್ಲ ಇದೆ. ಪಕ್ಕದ ತೋಟದವರು ನಮ್ಮ ಚಿಕ್ಕಪ್ಪನವರೇ. ಅವರ ಹತ್ತಿರ ಇವತ್ತೇ ಮಾತಾಡುತ್ತೇನೆ. ಗೋಡೆಯ ಭಾಗದಲ್ಲೂ ಬುಡದಲ್ಲಿ ಹೊಂಗೆ ಸಸಿ ನೆಡಬಹುದಾ ನೋಡುತ್ತೇನೆ.


ಕಡಲಬದಿ

ನೆಡಿ ಮಾರಾಯ್ರೇ. ಹೊಂಗೆ ಹೊಳೆ ದಂಡೆಗೆ ಹೇಳಿ ಮಾಡಿಸಿದ ಮರ. ನಮ್ಮಲ್ಲಿ ನೆರೆಗೂ ಅಲ್ಲಾಡುವುದಿಲ್ಲ.


ಶಾಲೆಬೆಲ್

ತೋಟದಾಚೆಯವರೇ, ನಿಮ್ಮ ಹಳ್ಳದ ಗೋಡೆ ಇರುವ ಕಡೆಯೂ ಇಲ್ಲದ ಕಡೆಯೂ ರಾತ್ರಿ ಒಂದೊಂದು ಬಿಳಿ ಬಟ್ಟೆ ಕಟ್ಟಿ, ಒಂದೇ ತರದ ಲೈಟ್ ಹಾಕಿ, ಎಷ್ಟು ಸ್ಟೋನ್‌ಫ್ಲೈ ಬರುತ್ತವೆ ಅಂತ ಎಣಿಸುತ್ತೀರಾ? ನಾವು ಮಕ್ಕಳ ಜೊತೆ ಇಲ್ಲಿ ಶಾಲ್ಮಲೆಯ ದಂಡೆಯಲ್ಲಿ ಅದನ್ನೇ ಮಾಡುತ್ತೇವೆ. ಲೆಕ್ಕ ಇಲ್ಲೇ ಹಾಕೋಣ.


ತೋಟದಾಚೆ

ಆಗಲಿ ಮೇಡಂ. ಅಮಾವಾಸ್ಯೆ ಹತ್ತಿರ ಮಾಡಿದರೆ ಲೈಟಿಗೆ ಜಾಸ್ತಿ ಬರುತ್ತವೆ.


ಬೆಸುಗೆಕಡ್ಡಿ

ಬಫರ್ ಸರ್ಕಿಟ್ಟಿನ ಚಿತ್ರ ಕೈಯಲ್ಲೇ ಬರೆದು ನಾಳೆ ಇಲ್ಲಿ ಹಾಕುತ್ತೇನೆ. ಡಿಸ್ಕನ್ನು ಕಡ್ಡಿಗೆ ಕಟ್ಟುವಾಗ ಟೇಪ್ ಬೇಡ, ಅದು ಕಂಪನವನ್ನು ನುಂಗುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಗಟ್ಟಿಯಾಗಿ ಕಚ್ಚಿಸಿ. ವೈರು ಗಾಳಿಗೆ ಅಲ್ಲಾಡಿದರೂ ಸದ್ದು ಬರುತ್ತದೆ, ಅದನ್ನು ಪಕ್ಕದ ಗೂಟಕ್ಕೆ ಕಟ್ಟಿ.


ಹೊಳೆದಂಡೆ

ಜೊತೆಗೆ ಥರ್ಮಾಮೀಟರ್ ಇರಲಿ. ಪ್ರತಿ ರೆಕಾರ್ಡಿಂಗ್ ಶುರುವಾಗುವ ಮುಂಚೆ ದಿನಾಂಕ, ಸಮಯ, ಜಾಗ, ಉಷ್ಣಾಂಶವನ್ನು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿ. ಬಡಿತ ಸಿಕ್ಕರೆ ಫೈಲ್ ಕಳಿಸಿ, ಬಿಡುವುಗಳನ್ನು ಕೂತು ಒಟ್ಟಿಗೆ ಅಳೆಯೋಣ.